ಪ್ರಾಯಕ್ಕೆ ತಕ್ಕ ಆಹಾರ, ಅವಸ್ಥೆಗೆ ತಕ್ಕ ಆರೈಕೆ

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಪ್ರಯುಕ್ತ ಜರಗಿದ ಸದಸ್ಯರ ಮತ್ತು ಮಹಿಳೆಯರ ಮಾಹಿತಿ ಶಿಬಿರದಲ್ಲಿ ಕೃಷಿಕರೂ ಸಂಘದ ನಿರ್ದೇಶಕರೂ ಆದ ಲೇಖಕರು ಮಾಡಿದ ಭಾಷಣದ ಬರಹ ರೂಪ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ದಿನ ಸಂಘದ ಸಾಧನೆಯ ಬಗ್ಗೆ ಮಾತನಾಡುವವರು ಬೇರೆ ಇದ್ದಾರೆ. ನನಗೆ ಕೊಟ್ಟ ವಿಷಯ ಆಹಾರ ಮತ್ತು ಆರೋಗ್ಯ. ನಾನು ಡಾಕ್ಟರಲ್ಲ. ಎಸ್.ಎಸ್.ಎಲ್.ಸಿ. ತನಕ ಓದಿ ಗದ್ದೆಗೆ ಇಳಿದವನು. ಪಶುವೈದ್ಯರಿಂದ, ಒಕ್ಕೂಟದ ತರಬೇತಿ ಶಿಬಿರಗಳಿಂದ, ನಮ್ಮ ಊರಿನ ಅಂಗನವಾಡಿ ಟೀಚರಿಂದ, ಆಶಾ ಕಾರ್ಯಕರ್ತೆಯರಿಂದ ಕೇಳಿ ತಿಳಿದದ್ದನ್ನು, ಹಟ್ಟಿಯಲ್ಲಿ ಕಣ್ಣಾರೆ ಕಂಡದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ತಪ್ಪಿದ್ದರೆ ಇಲ್ಲೇ ಕುಳಿತಿರುವ ಡಾಕ್ಟರು ತಿದ್ದಬೇಕು.

ನಾನು ಹೇಳುವ ಮುಖ್ಯ ಮಾತು ಒಂದೇ. ಒಂದೇ ಹಟ್ಟಿಯಲ್ಲಿ ಇರುವ ಎಲ್ಲಾ ದನಗಳಿಗೂ ಒಂದೇ ಅಳತೆಯ ಹಿಂಡಿ ಸಲ್ಲದು. ಒಂದೇ ಮನೆಯಲ್ಲಿ ಇರುವ ಎಲ್ಲರಿಗೂ ಒಂದೇ ಅಳತೆಯ ಊಟವೂ ಸಲ್ಲದು. ಪ್ರಾಯ ಎಷ್ಟು, ದೇಹದ ಅವಸ್ಥೆ ಯಾವುದು ಎಂಬುದರ ಮೇಲೆ ಆಹಾರ, ಔಷಧಿ, ಕೆಲಸ, ವಿಶ್ರಾಂತಿ ಎಲ್ಲವೂ ಬದಲಾಗಬೇಕು.

ಹಿಂದೆ ಈ ಪ್ರಶ್ನೆ ಇಷ್ಟು ದೊಡ್ಡದಿರಲಿಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಮಲೆನಾಡು ಗಿಡ್ಡ ದನಗಳು ಗುಡ್ಡೆಗೆ ಮೇಯಲು ಹೋಗಿ ಸಂಜೆ ಬರುತ್ತಿದ್ದವು. ಒಂದು ಕುಡ್ತೆ, ಎರಡು ಕುಡ್ತೆ ಹಾಲು ಕೊಟ್ಟರೆ ದೊಡ್ಡದು. ಗೊಬ್ಬರಕ್ಕಾಗಿಯೇ ದನ ಸಾಕುವುದು ಎಂದು ಲೆಕ್ಕ. ಸಾವಿರದ ಒಂಬೈನೂರ ಎಪ್ಪತ್ತರ ದಶಕದಲ್ಲಿ ಟಿ.ಎ. ಪೈಯವರು ಮಣಿಪಾಲದಲ್ಲಿ ಕೆನರಾ ಹಾಲು ಒಕ್ಕೂಟಕ್ಕೆ ಅಡಿಪಾಯ ಹಾಕಿದರು. 1986ರಲ್ಲಿ ದಕ್ಷಿಣ ಕನ್ನಡ ಹಾಲು ಒಕ್ಕೂಟ ಬಂತು. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾದರೂ ಹಾಲಿನ ಒಕ್ಕೂಟ ಒಂದೇ ಆಗಿ ಉಳಿಯಿತು. ಕಾರ್ಕಳದ ಘಟ್ಟದ ಬುಡದಿಂದ ಹಿಡಿದು ಕಾಪು ಕಡಲ ಬದಿಯವರೆಗೆ ಜರ್ಸಿ, ಎಚ್.ಎಫ್. ಮಿಶ್ರ ತಳಿಗಳು ಹಟ್ಟಿಗೆ ಬಂದವು. ದಿನಕ್ಕೆ ಹತ್ತು, ಹದಿನೈದು ಲೀಟರ್ ಕೊಡುವ ದನ ಗುಡ್ಡೆಯ ಮುಳಿಹುಲ್ಲಿನಲ್ಲಿ ಬದುಕುವುದಿಲ್ಲ. ಅದರ ದೇಹದ ಲೆಕ್ಕವೇ ಬೇರೆ.

ದೇಹದ ಜಮಾ–ಖರ್ಚು

ನಾವು ಸಹಕಾರಿಗಳು. ಜಮಾ–ಖರ್ಚಿನ ಭಾಷೆಯಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ತಿಂದ ಆಹಾರ ಜಮೆ. ಖರ್ಚು ನಾಲ್ಕು ಬಾಬ್ತು. ಮೊದಲನೆಯದು ದೇಹದ ನಿರ್ವಹಣೆ, ಅಂದರೆ ಉಸಿರಾಟ, ರಕ್ತ ಓಡಾಟ, ಮೈ ಬಿಸಿ. ಎರಡನೆಯದು ಬೆಳವಣಿಗೆ. ಮೂರನೆಯದು ಗರ್ಭ. ನಾಲ್ಕನೆಯದು ಹಾಲು. ಗಂಡಸರಿಗೆ, ಎತ್ತಿಗೆ ಮೈಮುರಿದು ಮಾಡುವ ಕೆಲಸ ಇನ್ನೊಂದು ಬಾಬ್ತು.

ಜಮೆಗಿಂತ ಖರ್ಚು ಹೆಚ್ಚಾದರೆ ಸಂಘ ಏನು ಮಾಡುತ್ತದೆ? ಆಪದ್ಧನಕ್ಕೆ ಕೈ ಹಾಕಬೇಕಾಗುತ್ತದೆ. ದೇಹಕ್ಕೂ ಆಪದ್ಧನ ಉಂಟು. ಮೈಯ ಕೊಬ್ಬು, ಮಾಂಸಖಂಡ, ಮೂಳೆಯಲ್ಲಿರುವ ಸುಣ್ಣದ ಅಂಶ, ಪಿತ್ತಜನಕಾಂಗದಲ್ಲಿ ಕೂಡಿಟ್ಟ ಕಬ್ಬಿಣದ ಅಂಶ, ಇವೆಲ್ಲ ಆಪದ್ಧನ. ಗರ್ಭ ಮತ್ತು ಹಾಲು ಬಹಳ ಗಟ್ಟಿ ಸಾಲಗಾರರಂತೆ. ತಾಯಿಯ ಊಟದಲ್ಲಿ ಸಿಗದಿದ್ದರೆ ತಾಯಿಯ ಮೈಯಿಂದ ಕಿತ್ತುಕೊಳ್ಳುತ್ತವೆ. ಒಂದೆರಡು ತಿಂಗಳು ಹಾಗೆ ನಡೆದೀತು. ಮತ್ತೆ ಮತ್ತೆ ನಡೆದರೆ ತಾಯಿ ಬರಿದಾಗುತ್ತಾಳೆ. ಇದು ದನಕ್ಕೂ ಸತ್ಯ, ಹೆಂಗಸಿಗೂ ಸತ್ಯ.

ಕರುವಿನಿಂದ ಕಡಸಿನ ತನಕ

ಕರು ಹುಟ್ಟಿದಾಗ ಅದಕ್ಕೆ ರೋಗ ತಡೆಯುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಅದು ಸಿಗುವುದು ಗಿಣ್ಣದ ಹಾಲಿನಿಂದ. ಕರುವಿನ ಕರುಳು ಈ ರಕ್ಷಣೆಯ ಅಂಶವನ್ನು ಹಾಗೆಯೇ ರಕ್ತಕ್ಕೆ ಬಿಟ್ಟುಕೊಳ್ಳುವುದು ಹುಟ್ಟಿದ ಮೊದಲ ಕೆಲವು ಗಂಟೆ ಮಾತ್ರ. ಇಪ್ಪತ್ತನಾಲ್ಕು ಗಂಟೆ ಕಳೆಯುವಾಗ ಆ ಬಾಗಿಲು ಮುಚ್ಚುತ್ತದೆ. "ಕಸ ಬೀಳಲಿ, ಮತ್ತೆ ಹಾಲು ಕೊಡುವ" ಎಂದು ಕಾಯುವ ಪದ್ಧತಿ ಕೆಲವು ಮನೆಗಳಲ್ಲಿ ಈಗಲೂ ಉಂಟು. ಅದು ಬೇಡ. ಹುಟ್ಟಿದ ಅರ್ಧ ಗಂಟೆಯಿಂದ ಒಂದು ಗಂಟೆಯ ಒಳಗೆ ಕುಡಿಸಬೇಕು. ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಭಾಗ ಗಿಣ್ಣ ಅದರ ಹೊಟ್ಟೆಗೆ ಸೇರಬೇಕು. ಇಪ್ಪತ್ತೈದು ಕಿಲೋ ಕರುವಿಗೆ ಎರಡೂವರೆ ಲೀಟರ್. ಅದನ್ನು ಎರಡು ಮೂರು ಸಲ ಮಾಡಿ ಕೊಡಿ. ನಮಗೆ ಗಿಣ್ಣು ಮಾಡಿ ತಿನ್ನುವ ಆಸೆ ಇದ್ದರೆ ಕರು ಕುಡಿದ ಮೇಲೆ ಉಳಿದದ್ದರಲ್ಲಿ.

ದನಕ್ಕೆ ನಾಲ್ಕು ಹೊಟ್ಟೆ ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ಎಳೆ ಕರುವಿನಲ್ಲಿ ಹುಲ್ಲು ಹುಳಿಸಿ ಜೀರ್ಣಿಸುವ ದೊಡ್ಡ ಹೊಟ್ಟೆ ಇನ್ನೂ ಬೆಳೆದಿರುವುದಿಲ್ಲ. ಅದು ಕುಡಿದ ಹಾಲು ನೇರವಾಗಿ ನಾಲ್ಕನೇ ಹೊಟ್ಟೆಗೆ ಹೋಗುತ್ತದೆ. ಆ ಪ್ರಾಯದಲ್ಲಿ ಅದು ನಮ್ಮ ನಿಮ್ಮ ಹಾಗೆ ಒಂದೇ ಹೊಟ್ಟೆಯ ಪ್ರಾಣಿ ಎಂದೇ ತಿಳಿಯಬೇಕು. ಬೈಹುಲ್ಲು ಕಟ್ಟಿ ಹಾಕಿ "ತಿನ್ನಲಿ" ಎಂದರೆ ಹೊಟ್ಟೆ ಡೊಳ್ಳಾಗುತ್ತದೆ, ಕರು ಬೆಳೆಯುವುದಿಲ್ಲ. ಎರಡನೇ ವಾರದಿಂದ ಹಾಲಿನ ಜೊತೆ ಸ್ವಲ್ಪ ಸ್ವಲ್ಪ ಕರುವಿನ ಹಿಂಡಿ, ಎಳೆ ಹುಲ್ಲು ರೂಢಿ ಮಾಡಿದರೆ ಎರಡು ಮೂರು ತಿಂಗಳಲ್ಲಿ ದೊಡ್ಡ ಹೊಟ್ಟೆ ಕೆಲಸ ಶುರು ಮಾಡುತ್ತದೆ.

ಮಿಶ್ರ ತಳಿಯ ಹೆಣ್ಣು ಕರು ದಿನಕ್ಕೆ ಅರ್ಧ ಕಿಲೋದಂತೆ ಬೆಳೆದರೆ ಹದಿನೈದು ತಿಂಗಳಲ್ಲಿ 250 ಕಿಲೋ ಆಗುತ್ತದೆ. ಬೆದೆಗೆ ಬರುವುದು ತಿಂಗಳ ಲೆಕ್ಕಕ್ಕಿಂತಲೂ ಮೈತೂಕದ ಲೆಕ್ಕದಲ್ಲಿ. ಹಾಲು ಕೊಡುವುದಿಲ್ಲ ಎಂದು ಕಡಸನ್ನು ಹಟ್ಟಿಯ ಮೂಲೆಗೆ ಕಟ್ಟಿ ಉಳಿದ ಕಸಕಡ್ಡಿ ಹಾಕಿದರೆ ಮೂರು ವರ್ಷವಾದರೂ ಬೆದೆಗೆ ಬರುವುದಿಲ್ಲ. ಮತ್ತೆ ಡಾಕ್ಟರಿಗೆ ಫೋನು ಮಾಡಿ "ಎಂತ ಇಂಜೆಕ್ಷನ್ ಕೊಟ್ಟರೂ ನಿಲ್ಲುವುದಿಲ್ಲ ಮಾರಾಯ್ರೆ" ಅಂತ ಹೇಳುವುದು. ಹೊಟ್ಟೆಗೆ ಹಾಕದೆ ಇಂಜೆಕ್ಷನ್‌ನಿಂದ ಮೈ ಬೆಳೆಯುವುದಿಲ್ಲ.

ಪ್ರಾಯ ನೋಡಿಯೇ ಕೊಡಬೇಕಾದ ಒಂದು ಲಸಿಕೆ ಉಂಟು. ಕಂದು ಹಾಕುವ ರೋಗ, ಬ್ರುಸೆಲ್ಲೋಸಿಸ್ ಎನ್ನುತ್ತಾರೆ. ಇದರ ಲಸಿಕೆ ನಾಲ್ಕರಿಂದ ಎಂಟು ತಿಂಗಳ ಒಳಗಿನ ಹೆಣ್ಣು ಕರುಗಳಿಗೆ ಮಾತ್ರ, ಜೀವಮಾನದಲ್ಲಿ ಒಂದೇ ಸಲ. ಗಬ್ಬದ ದನಕ್ಕೆ ಕೊಟ್ಟರೆ ಕಂದು ಹಾಕುವ ಅಪಾಯ ಇದೆ. 2019ರಲ್ಲಿ ಕೇಂದ್ರ ಸರಕಾರ ಕಾಲುಬಾಯಿ ರೋಗ ಮತ್ತು ಈ ರೋಗದ ವಿರುದ್ಧ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿದೆ. ನಿಮ್ಮ ಕರುವಿಗೆ ಎಷ್ಟು ತಿಂಗಳಾಯಿತು ಎಂದು ಬರೆದಿಟ್ಟುಕೊಳ್ಳಿ. ಒಂಬತ್ತು ತಿಂಗಳಾದ ಮೇಲೆ ನೆನಪಾದರೆ ಪ್ರಯೋಜನ ಇಲ್ಲ.

ಮನುಷ್ಯರ ಮಕ್ಕಳು

ಈಗ ಹಟ್ಟಿಯಿಂದ ಮನೆಗೆ ಬರೋಣ. ಮಗು ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಎದೆಹಾಲು, ಆ ಮೊದಲ ಹಳದಿ ಹಾಲು ಚೆಲ್ಲಬಾರದು. ಆರು ತಿಂಗಳು ಎದೆಹಾಲು ಮಾತ್ರ, ನೀರೂ ಬೇಡ. ಜೇನು, ಸಕ್ಕರೆ ನೀರು ನೆಕ್ಕಿಸುವುದು ಬೇಡ. ವರ್ಷ ತುಂಬದ ಮಗುವಿಗೆ ಜೇನು ಅಪಾಯ ಎಂದು ಡಾಕ್ಟರುಗಳು ಸ್ಪಷ್ಟವಾಗಿ ಹೇಳುತ್ತಾರೆ. ಹಾಲಿನ ಸಂಘದ ನಿರ್ದೇಶಕನಾಗಿಯೇ ಇನ್ನೊಂದು ಮಾತು ಹೇಳುತ್ತೇನೆ: ವರ್ಷದ ಒಳಗಿನ ಮಗುವಿಗೆ ಎದೆಹಾಲಿನ ಬದಲಿಗೆ ದನದ ಹಾಲು ಕೊಡಬೇಡಿ. ದನದ ಹಾಲು ದನದ ಕರುವಿಗಾಗಿ ಇರುವುದು. ಅದರಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆ. ಅದರ ಪ್ರೋಟೀನು, ಲವಣ ಎಳೆ ಮಗುವಿನ ಮೂತ್ರಪಿಂಡಕ್ಕೆ ಹೊರೆ.

ಮಗುವಿನ ತೂಕ ಐದಾರು ತಿಂಗಳಲ್ಲಿ ಹುಟ್ಟಿದಾಗಿನ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಆಗುತ್ತದೆ. ಮುಂದೆ ಜೀವನದಲ್ಲಿ ಎಂದೂ ಅಷ್ಟು ವೇಗದ ಬೆಳವಣಿಗೆ ಇಲ್ಲ. ಆದರೆ ಹೊಟ್ಟೆ ಮಾತ್ರ ಒಂದು ಹಿಡಿಯಷ್ಟು. ಆ ಸಣ್ಣ ಹೊಟ್ಟೆಗೆ ಗಂಜಿ ತೆಳಿ ತುಂಬಿಸಿದರೆ ಮಗು ಸುಮ್ಮನಾಗುತ್ತದೆ, ಬೆಳೆಯುವುದಿಲ್ಲ. ಆರು ತಿಂಗಳು ತುಂಬಿದ ಮೇಲೆ ನಮ್ಮ ಅಜ್ಜಿಯಂದಿರು ಮಾಡುತ್ತಿದ್ದ ರಾಗಿ ಮಣ್ಣಿ ಬಹಳ ಒಳ್ಳೆಯದು. ಅದಕ್ಕೆ ಅರ್ಧ ಚಮಚ ತುಪ್ಪವೋ ತೆಂಗಿನೆಣ್ಣೆಯೋ ಸೇರಿಸಿ. ಮೆತ್ತಗೆ ಬೇಯಿಸಿದ ಅನ್ನ, ಹೆಸರುಬೇಳೆ, ಕಿವುಚಿದ ಬಾಳೆಹಣ್ಣು, ತಿನ್ನುವ ಮನೆಗಳಲ್ಲಿ ಮೊಟ್ಟೆ, ಮುಳ್ಳು ತೆಗೆದ ಮೀನು. ದಿನಕ್ಕೆ ಎರಡು ಮೂರು ಸಲದಿಂದ ಶುರು ಮಾಡಿ ವರ್ಷದ ಮಗುವಿಗೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ.

1975ರಲ್ಲಿ ದೇಶದಲ್ಲಿ ಶಿಶು ಅಭಿವೃದ್ಧಿ ಯೋಜನೆ ಪ್ರಾರಂಭವಾದಾಗ ಕರ್ನಾಟಕದಲ್ಲಿ ಮೊದಲು ಆರಿಸಿದ್ದು ತಿರುಮಕೂಡಲು ನರಸೀಪುರವನ್ನು. ಇಂದು ನಮ್ಮ ಹಳ್ಳಿ ಹಳ್ಳಿಯಲ್ಲಿ ಅಂಗನವಾಡಿ ಇದೆ. 2013ರ ಆಗಸ್ಟಿನಲ್ಲಿ ಆರಂಭವಾದ ಕ್ಷೀರಭಾಗ್ಯದಲ್ಲಿ ಶಾಲಾ ಮಕ್ಕಳಿಗೆ 150 ಮಿಲಿಲೀಟರ್ ಹಾಲು ನಿಗದಿಯಾಯಿತು. ನಮ್ಮಂತಹ ಸಂಘಗಳಿಗೆ ಹಾಕಿದ ಹಾಲೇ ಪುಡಿಯಾಗಿ ಶಾಲೆಗೆ ಹೋಗುವುದು. ಶಾಲೆಯಲ್ಲಿ ಕುಡಿದಿದ್ದಾನಲ್ಲ ಎಂದು ಮನೆಯ ಹಾಲು ಪೂರ್ತಿ ಕ್ಯಾನಿಗೆ ಸುರಿಯುವುದು ಸರಿಯಲ್ಲ.

ಹದಿಹರೆಯದ ಹೆಣ್ಣು ಮಕ್ಕಳು

ಕಡಸಿನ ವಿಷಯ ಹೇಳಿದೆ. ಮನೆಯಲ್ಲಿ ಹನ್ನೆರಡು ಹದಿಮೂರರ ಹೆಣ್ಣು ಮಗುವಿನ ಅವಸ್ಥೆಯೂ ಬೆಳವಣಿಗೆಯದ್ದೇ. ಒಂದು ಕಡೆ ಎತ್ತರ ಬೆಳೆಯುತ್ತದೆ, ಇನ್ನೊಂದು ಕಡೆ ತಿಂಗಳು ತಿಂಗಳು ರಕ್ತ ಹೋಗುತ್ತದೆ. ಕಬ್ಬಿಣದ ಅಂಶ ಹುಡುಗರಿಗಿಂತ ಅವಳಿಗೆ ಹೆಚ್ಚು ಜಾಗ್ರತೆಯಿಂದ ಸಿಗಬೇಕು. ಆದರೆ ನಮ್ಮ ಮನೆಗಳಲ್ಲಿ ಬಡಿಸುವ ಕ್ರಮ ನೋಡಿ. ಮೀನಿನ ದೊಡ್ಡ ತುಂಡು ಗಂಡಸರಿಗೆ, ನಂತರ ಹುಡುಗರಿಗೆ, ಕೊನೆಗೆ ಬಾಲ, ಸಾರು ಹೆಂಗಸರಿಗೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ ಎಂದು ಕಂಡಿದೆ. "ನಮ್ಮ ಜಿಲ್ಲೆ ಮುಂದುವರಿದದ್ದು, ನಮಗೆ ಅದು ಇಲ್ಲ" ಎಂದು ಯಾರೂ ಸುಮ್ಮನಿರಬಾರದು. ಸುಸ್ತು, ಏದುಸಿರು, ಓದಿನಲ್ಲಿ ಗಮನ ಇಲ್ಲ, ಇವನ್ನೆಲ್ಲ ನಾವು ಸೋಮಾರಿತನ ಅಂತ ಬೈದು ಬಿಡುತ್ತೇವೆ. ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಇರಬೇಕು, ಗರ್ಭಿಣಿಗೆ 11ಕ್ಕಿಂತ ಕಡಿಮೆ ಇರಬಾರದು.

ಹರಿವೆ, ನುಗ್ಗೆಸೊಪ್ಪು, ಬಸಳೆ ನಮ್ಮ ಹಿತ್ತಿಲಲ್ಲಿಯೇ ಉಂಟು. ಹುರುಳಿ ಉಂಟು. ಬೂತಾಯಿ, ಬಂಗುಡೆ ಕಾಪು, ಮಲ್ಪೆಯಿಂದ ಬೆಳಿಗ್ಗೆಯೇ ಬರುತ್ತದೆ. ಸೊಪ್ಪಿನ ಕಬ್ಬಿಣದ ಅಂಶ ಮೈಗೆ ಹತ್ತಬೇಕಾದರೆ ಹುಳಿ ಜೊತೆಗಿರಬೇಕು. ಲಿಂಬೆ, ನೆಲ್ಲಿಕಾಯಿ, ಪೇರಳೆ. ಊಟವಾದ ಕೂಡಲೇ ಚಹಾ ಕುಡಿದರೆ ಆ ಅಂಶ ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣದ ಮಾತ್ರೆ, ಹುಳದ ಮಾತ್ರೆ ಮಕ್ಕಳು ಕಿಟಕಿಯಿಂದ ಹೊರಗೆ ಹಾಕದಂತೆ ನೋಡಿಕೊಳ್ಳಿ. ಹಾಲಿನ ಸುಣ್ಣದ ಅಂಶ ಕಬ್ಬಿಣ ಹೀರಿಕೊಳ್ಳುವುದನ್ನು ಕಡಿಮೆ ಮಾಡುತ್ತದೆ; ಆದ್ದರಿಂದ ಆ ಮಾತ್ರೆಯನ್ನು ಹಾಲಿನ ಜೊತೆ ನುಂಗಿಸಬೇಡಿ, ನೀರಿನಲ್ಲಿ ಕೊಡಿ.

ಗಬ್ಬದ ದನ, ಬಸುರಿ ಹೆಂಗಸು

ದನದ ಗರ್ಭದ ಅವಧಿ ಸುಮಾರು 280 ದಿನ. ಹೊಟ್ಟೆಯೊಳಗಿನ ಕರು ಬಹುಪಾಲು ಬೆಳೆಯುವುದು ಕೊನೆಯ ಎರಡು ಮೂರು ತಿಂಗಳಲ್ಲಿ. ಅದೇ ಸಮಯಕ್ಕೆ ಸರಿಯಾಗಿ ನಾವು ಏನು ಮಾಡುತ್ತೇವೆ? ಹಾಲು ಬತ್ತಿತು ಎಂದು ಹಿಂಡಿ ನಿಲ್ಲಿಸುತ್ತೇವೆ! ಸಂಘದ ಪುಸ್ತಕದಲ್ಲಿ ಹೆಸರಿನ ಮುಂದೆ ಲೀಟರ್ ಬೀಳದಿದ್ದರೆ ಆ ದನ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಇದು ನಮ್ಮ ಊರಿನಲ್ಲಿ ದೊಡ್ಡ ನಷ್ಟಕ್ಕೆ ಕಾರಣ. ಕರು ಹಾಕುವ ಎರಡು ತಿಂಗಳ ಮೊದಲು ಹಾಲು ಬತ್ತಿಸಬೇಕು, ಆ ಎರಡು ತಿಂಗಳು ಹಸಿಹುಲ್ಲು, ಬೈಹುಲ್ಲಿನ ಜೊತೆ ದಿನಕ್ಕೆ ಒಂದೂವರೆ ಕಿಲೋದಷ್ಟು ಹಿಂಡಿ ಕೊಡಬೇಕು. ಮೊದಲ ಸಲ ಗಬ್ಬವಾದ ಕಡಸಿಗೆ ಇನ್ನೂ ಸ್ವಲ್ಪ ಹೆಚ್ಚು, ಯಾಕೆಂದರೆ ಅದರ ಸ್ವಂತ ಮೈಯೂ ಇನ್ನೂ ಬೆಳೆಯುತ್ತಾ ಇರುತ್ತದೆ. ತಾಯಿಯ ಬೆಳವಣಿಗೆ ಮತ್ತು ಗರ್ಭದ ಬೆಳವಣಿಗೆ ಎರಡೂ ಒಂದೇ ಬಟ್ಟಲಿಗೆ ಕೈ ಹಾಕಿದ ಹಾಗೆ. ಹದಿನೆಂಟು ತುಂಬದ ಹುಡುಗಿಗೆ ಮದುವೆ ಮಾಡಬಾರದು ಎಂಬ ಕಾನೂನಿನ ಹಿಂದೆ ಈ ದೇಹದ ಸತ್ಯವೂ ಉಂಟು.

ಬಸುರಿ ಹೆಂಗಸಿನ ವಿಷಯ ಹೇಳಿದರೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿರುವ ಪ್ರಕಾರ ಅವಳಿಗೆ ದಿನಕ್ಕೆ 350 ಕ್ಯಾಲೊರಿ ಹೆಚ್ಚು ಬೇಕು. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು 600 ಕ್ಯಾಲೊರಿ ಹೆಚ್ಚು. ಗಮನಿಸಿ, ಬಸುರಿಗಿಂತ ಬಾಣಂತಿಗೆ ಹೆಚ್ಚು. "ಇಬ್ಬರ ಊಟ ಮಾಡು" ಎಂದು ಬಸುರಿಗೆ ಒತ್ತಾಯ ಮಾಡಿ ಬಾಣಂತಿಗೆ ಪಥ್ಯ ಹೇಳುವ ನಮ್ಮ ಕ್ರಮ ತಲೆಕೆಳಗಾಗಿದೆ. ಕಬ್ಬಿಣದ ಮಾತ್ರೆ ಕನಿಷ್ಠ 180 ದಿನ ನುಂಗಬೇಕು. ಮಲ ಕಪ್ಪಾಗುತ್ತದೆ ಎಂದು ಹೆದರಿ ನಿಲ್ಲಿಸುವವರಿದ್ದಾರೆ. ಕಪ್ಪಾಗುವುದು ಸಹಜ.

ತಾಯಿಯ ಊಟ ಆ ಒಂಬತ್ತು ತಿಂಗಳಿಗೆ ಮಾತ್ರ ಮುಗಿಯುವ ವಿಷಯ ಅಲ್ಲ ಎಂಬುದಕ್ಕೆ ನಮ್ಮ ರಾಜ್ಯದ್ದೇ ಸಾಕ್ಷಿ ಉಂಟು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದವನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಆ ಮಕ್ಕಳು ನಡುಪ್ರಾಯ ದಾಟಿದ ಮೇಲೆ ಅವರನ್ನು ಹುಡುಕಿ ಪರೀಕ್ಷೆ ಮಾಡಿದರು. ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಎಂದು 1996ರಲ್ಲಿ ಪ್ರಕಟವಾಯಿತು. ಅಂದರೆ ಬಸುರಿಯ ಬಟ್ಟಲಿನಲ್ಲಿ ಕಡಿಮೆಯಾದದ್ದು ಐವತ್ತು ವರ್ಷ ಕಳೆದು ಮಗನ ಎದೆಯಲ್ಲಿ ಕಾಣಿಸಬಹುದು. ಒಂದು ಪುಸ್ತಕವನ್ನು ಶಿಸ್ತಿನಿಂದ ಬರೆದಿಟ್ಟರೆ ಎಷ್ಟು ಉಪಕಾರ ನೋಡಿ! ನಮ್ಮ ಸಂಘದ ಕಾರ್ಯದರ್ಶಿಯವರು ಇದನ್ನು ಗಮನಿಸಬೇಕು.

ಇನ್ನೊಂದು ಎಚ್ಚರಿಕೆ. ಕಂದು ಹಾಕಿದ ದನದ ಕಸ, ಸತ್ತ ಕರುವನ್ನು ಯಾರೂ ಬರಿಗೈಯಲ್ಲಿ ಮುಟ್ಟಬಾರದು. ಬಸುರಿಯಂತೂ ಆ ಕಡೆ ಹೋಗಲೇಬಾರದು. ಬ್ರುಸೆಲ್ಲೋಸಿಸ್ ಮನುಷ್ಯರಿಗೂ ಬರುತ್ತದೆ. ಹಾಲನ್ನು ಕುದಿಸಿಯೇ ಕುಡಿಯಬೇಕು. ಹಾಗೆಯೇ ಹೊತ್ತು ತುಂಬಿದ ಬಸುರಿಯ ತಲೆಯ ಮೇಲೆ ಹುಲ್ಲಿನ ಹೊರೆ ಇಡುವುದನ್ನು ನಾನು ಈಗಲೂ ನೋಡುತ್ತೇನೆ. ಗಬ್ಬದ ದನವನ್ನು ಗುಡ್ಡೆ ಹತ್ತಿಸುವುದಿಲ್ಲ ನಾವು. ಮನೆಯ ಸೊಸೆಗೆ ಅಷ್ಟು ಮರ್ಯಾದೆಯಾದರೂ ಬೇಡವೆ?

ಕರು ಹಾಕಿದ ದನ, ಬಾಣಂತಿ

ಕರು ಹಾಕಿದ ಆರರಿಂದ ಎಂಟು ವಾರದಲ್ಲಿ ದನ ಅತಿ ಹೆಚ್ಚು ಹಾಲು ಕೊಡುತ್ತದೆ. ಆದರೆ ಅದರ ಹಸಿವು ಪೂರ್ತಿ ತೆರೆಯುವುದು ಅದಕ್ಕೂ ಕೆಲವು ವಾರ ನಂತರ. ನಡುವಿನ ಈ ಕೊರತೆಯಲ್ಲಿ ದನ ತನ್ನ ಆಪದ್ಧನ ಕರಗಿಸಿ ಹಾಲು ಕೊಡುತ್ತದೆ. ಮೈ ಇಳಿಯುತ್ತದೆ. ತೀರಾ ಇಳಿದರೆ ಮತ್ತೆ ಬೆದೆಗೆ ಬರುವುದಿಲ್ಲ. ದೇಹದ ನಿರ್ವಹಣೆಗೆ ಒಂದರಿಂದ ಒಂದೂವರೆ ಕಿಲೋ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಹಿಂಡಿ ಎಂದು ಲೆಕ್ಕ. ಒಮ್ಮೆಲೇ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಏರಿಸಿ. ಈ ಏರು ಹಾಲಿನ ಸಮಯದಲ್ಲಿ ಫ್ಯಾಟ್ ಸ್ವಲ್ಪ ಇಳಿಯುವುದು, ಕೊನೆ ತಿಂಗಳುಗಳಲ್ಲಿ ಏರುವುದು ದೇಹದ ಕ್ರಮ. ಫ್ಯಾಟ್ ಇಳಿದ ಕೂಡಲೇ ಸಂಘದ ಪರೀಕ್ಷಕರ ಮೇಲೆ ಜಗಳಕ್ಕೆ ಬರುವ ಮೊದಲು ದನ ಕರು ಹಾಕಿ ಎಷ್ಟು ದಿನವಾಯಿತು, ಬೈಹುಲ್ಲು ಸಾಕಷ್ಟು ತಿನ್ನುತ್ತದಾ ಎಂದು ನೋಡಿ.

ಹಾಲುಜ್ವರದ ವಿಷಯ ಬಹಳ ಮುಖ್ಯ. ಹೆಸರು ಜ್ವರ, ಆದರೆ ಮೈ ತಣ್ಣಗಾಗುತ್ತದೆ. ಕರು ಹಾಕಿದ ಮೂರು ದಿನದ ಒಳಗೆ ಸಾಮಾನ್ಯವಾಗಿ ಬರುವುದು. ಕಿವಿ ತಣ್ಣಗೆ, ಕುತ್ತಿಗೆ ಹೊಟ್ಟೆಯ ಕಡೆಗೆ ತಿರುಗಿಸಿ ಮಲಗಿದ ದನ ಏಳುವುದಿಲ್ಲ. ಕೆಚ್ಚಲಿಗೆ ಏಕಾಏಕಿ ಸುಣ್ಣದ ಅಂಶ ಹರಿದು ರಕ್ತದಲ್ಲಿ ಕಡಿಮೆಯಾಗುವುದೇ ಕಾರಣ. ಇಲ್ಲಿ ಪ್ರಾಯದ ಪಾತ್ರ ನೋಡಿ: ಮೊದಲ ಕರುವಿನ ದನಕ್ಕೆ ಇದು ಬಹಳ ಅಪರೂಪ, ಮೂರನೇ ಕರುವಿನಿಂದ ಮೇಲೆ ಹೆಚ್ಚು. ಎಳೆ ದನದ ಮೂಳೆ ಬೇಗ ಸುಣ್ಣ ಬಿಟ್ಟುಕೊಡುತ್ತದೆ, ಹಳೆ ದನದ ಮೂಳೆ ನಿಧಾನ. ಹಾಗಾದರೆ ಬತ್ತಿದ ಸಮಯದಲ್ಲಿ ಬಾಟ್ಲಿ ಬಾಟ್ಲಿ ಕ್ಯಾಲ್ಸಿಯಂ ಕುಡಿಸುವ ಎನ್ನುತ್ತೀರಿ. ಅದೂ ತಪ್ಪು. ಹೊರಗಿನಿಂದ ಧಾರಾಳ ಸಿಕ್ಕಿದರೆ ಮೂಳೆಯಿಂದ ತೆಗೆಯುವ ಅಭ್ಯಾಸ ದೇಹಕ್ಕೆ ತಪ್ಪಿಹೋಗುತ್ತದೆ. ಕರು ಹಾಕಿದ ದಿನ ಬೇಕಾದಾಗ ತೆಗೆಯಲು ಬರುವುದಿಲ್ಲ. ಕೊನೆಯ ತಿಂಗಳು ಕ್ಯಾಲ್ಸಿಯಂ ಬೇಡ, ಕರು ಹಾಕಿದ ಮೇಲೆ ಕೊಡಿ. ಬಿದ್ದ ದನಕ್ಕೆ ಬಾಯಿಯಿಂದ ಏನೂ ಹೊಯ್ಯಬೇಡಿ, ನುಂಗುವ ಶಕ್ತಿ ಇರುವುದಿಲ್ಲ, ಶ್ವಾಸಕೋಶಕ್ಕೆ ಹೋಗಿ ಸಾಯುತ್ತದೆ. ಡಾಕ್ಟರನ್ನು ಕರೆಸಿ. ಅವರು ನಿಧಾನವಾಗಿ ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಹೆಚ್ಚಿನ ದನಗಳು ಎದ್ದು ನಿಲ್ಲುತ್ತವೆ.

ನೀರಿನ ಲೆಕ್ಕವನ್ನೂ ಹೇಳಬೇಕು. ಒಂದು ಲೀಟರ್ ಹಾಲಿಗೆ ನಾಲ್ಕು ಲೀಟರಿನಷ್ಟು ನೀರು ದನಕ್ಕೆ ಹೆಚ್ಚು ಬೇಕು. ನಮ್ಮ ಮಾರ್ಚ್, ಏಪ್ರಿಲ್, ಮೇ ತಿಂಗಳ ಬೆವರು ಸೆಕೆಗೆ ಎಚ್.ಎಫ್. ತಳಿ ಮೇವು ಬಿಡುತ್ತದೆ. ಮೇವು, ಹಿಂಡಿ ಬೆಳಗ್ಗಿನ ತಂಪಿಗೆ, ರಾತ್ರಿಗೆ ಕೊಡಿ. ನೀರು ಇಪ್ಪತ್ತನಾಲ್ಕು ಗಂಟೆ ಎದುರಿಗಿರಲಿ. ಹತ್ತು ಲೀಟರ್ ಕೊಡುವ ದನಕ್ಕೆ ನೀರು ಕಡಿಮೆ ಮಾಡಬೇಕು ಎಂದು ಯಾರಾದರೂ ಹೇಳಿದರೆ ನಾವು ನಗುತ್ತೇವೆ. ಆದರೆ ಹಾಲೂಡಿಸುವ ಬಾಣಂತಿಗೆ "ನೀರು ಕುಡಿಯಬೇಡ, ಹೊಟ್ಟೆ ಬರುತ್ತದೆ" ಎಂದು ಅದೇ ಮನೆಯಲ್ಲಿ ಹೇಳುತ್ತೇವೆ! ಮೆಂತೆ ಗಂಜಿ, ಬೆಲ್ಲ, ತುಪ್ಪ, ಬೆಳ್ಳುಳ್ಳಿ, ಕಾಳುಮೆಣಸಿನ ಸಾರು, ಇವೆಲ್ಲ ಹಿರಿಯರು ಹೇಳಿದ ಒಳ್ಳೆಯ ಕ್ರಮಗಳು, ಬಿಡಬೇಡಿ. ತರಕಾರಿ, ಹಣ್ಣು, ನೀರು ತಡೆಯುವ ಕ್ರಮ ಮಾತ್ರ ಬಿಡಿ.

ಆಟಿ ಅಮಾವಾಸ್ಯೆಯ ಕಷಾಯ

ಔಷಧಿಗೂ ಪ್ರಾಯ, ಅವಸ್ಥೆ ಉಂಟು ಎಂಬುದನ್ನು ನಮ್ಮ ತುಳುನಾಡಿನ ಹಿರಿಯರು ತಿಳಿದಿದ್ದರು. ಆಟಿ ಅಮಾವಾಸ್ಯೆಯ ದಿನ ಪಾಲೆ ಮರದ ಕೆತ್ತೆಯ ಕಷಾಯ ಕುಡಿಯುತ್ತೇವೆ. ದೊಡ್ಡವರಿಗೆ ಒಂದು ಅಳತೆ, ಮಕ್ಕಳಿಗೆ ಚಮಚದ ಲೆಕ್ಕ, ಮೇಲಿಂದ ಮೆಂತೆ ಗಂಜಿ. ಆದರೆ ಕತ್ತಲಲ್ಲಿ ಮರ ತಪ್ಪಿ ಕಾಸರಕದ ತೊಗಟೆ ತಂದರೆ ಅದು ವಿಷ. ಮರ ಗೊತ್ತಿರುವವರೇ ಹಿಂದಿನ ದಿನವೇ ಗುರುತು ಮಾಡಿ ತರಬೇಕು. ಬಸುರಿಯರು, ಎಳೆ ಮಕ್ಕಳು, ಬೇರೆ ಕಾಯಿಲೆಗೆ ಮದ್ದು ತಿನ್ನುವವರು ಡಾಕ್ಟರನ್ನು ಕೇಳದೆ ಕುಡಿಯುವುದು ಬೇಡ.

ಇಂಗ್ಲಿಷ್ ಮದ್ದಿಗೂ ಇದೇ ನಿಯಮ. ಮಲೇರಿಯಾಕ್ಕೆ ಕೊಡುವ ಪ್ರಿಮಾಕ್ವಿನ್ ಮಾತ್ರೆಯನ್ನು ಬಸುರಿಯರಿಗೆ, ಎಳೆ ಶಿಶುಗಳಿಗೆ ಕೊಡುವುದಿಲ್ಲ. ಹುಳದ ಮದ್ದು ಅಲ್ಬೆಂಡಜೋಲ್ ಗರ್ಭದ ಮೊದಲ ತಿಂಗಳುಗಳಲ್ಲಿ ಹೆಂಗಸಿಗೂ ಬೇಡ, ದನಕ್ಕೂ ಬೇಡ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಮಣಿಪಾಲದಲ್ಲಿ ಮೆಡಿಕಲ್ ಕಾಲೇಜು ತೆರೆದ ಮೇಲೆ ನಮಗೆ ದೊಡ್ಡ ಡಾಕ್ಟರುಗಳು ಬಸ್ಸಿನ ದೂರದಲ್ಲಿ ಸಿಗುತ್ತಾರೆ. ಹಾಗಿರುವಾಗ ಪಕ್ಕದ ಮನೆಯವರ ಉಳಿದ ಮಾತ್ರೆ ನುಂಗುವ ಅಗತ್ಯ ಎಂತ?

ಪ್ರಾಯ ಸಂದವರು

ಕೊನೆಯದಾಗಿ ನಮ್ಮ ಹಿರಿಯರು. ಪ್ರಾಯವಾದ ಮೇಲೆ ಕೆಲಸ ಕಡಿಮೆ, ಆದ್ದರಿಂದ ಅನ್ನ ಕಡಿಮೆ ಸಾಕು ಎನ್ನುವುದು ಸರಿ. ಆದರೆ ಪ್ರೋಟೀನು, ಸುಣ್ಣದ ಅಂಶ ಕಡಿಮೆ ಸಾಕು ಎನ್ನುವುದು ತಪ್ಪು. ಪ್ರಾಯದಲ್ಲಿ ಮಾಂಸಖಂಡ ತಾನಾಗಿಯೇ ಕರಗುತ್ತದೆ. ಮುಟ್ಟು ನಿಂತ ಹೆಂಗಸರ ಮೂಳೆ ಬೇಗ ಸವೆಯುತ್ತದೆ. ಬಚ್ಚಲಿನಲ್ಲಿ ಜಾರಿ ಬಿದ್ದರೆ ಸೊಂಟವೇ ಮುರಿಯುತ್ತದೆ. ಹಲ್ಲಿಲ್ಲ ಎಂದು ಬರೀ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿಯಲ್ಲಿ ದಿನ ದೂಡಿದರೆ ಪ್ರೋಟೀನು ಇಲ್ಲ, ಉಪ್ಪು ಮಾತ್ರ ಹೆಚ್ಚು. ಬಿ.ಪಿ. ಇದ್ದವರಿಗೆ ಉಪ್ಪಿನಕಾಯಿ, ಒಣಮೀನು ಎರಡೂ ಶತ್ರು. ಕುಚ್ಚಲಕ್ಕಿ ಗಂಜಿ ಒಳ್ಳೆಯದೇ, ಅದರ ಜೊತೆ ಹುರುಳಿ ಸಾರು, ಹೆಸರು, ಮೊಟ್ಟೆ, ಮೆತ್ತಗಿನ ಮೀನು, ಹಾಲು ಮಜ್ಜಿಗೆ ಇರಲಿ. ಪ್ರಾಯವಾದಂತೆ ಕೆಲವರಿಗೆ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ. ಹಾಲಿನ ಸಕ್ಕರೆ ಕರಗಿಸುವ ಶಕ್ತಿ ಚಿಕ್ಕಂದಿನಷ್ಟು ಇರುವುದಿಲ್ಲ. ಅವರಿಗೆ ಮೊಸರು, ಮಜ್ಜಿಗೆ ಹಿತ.

ಮುದುಕರಿಗೆ ಬಾಯಾರಿಕೆಯೇ ಗೊತ್ತಾಗುವುದು ಕಡಿಮೆ. ಸೆಕೆಗಾಲದಲ್ಲಿ ಕೇಳದಿದ್ದರೂ ನೀರು ಕೊಡಿ. ಜ್ವರವೂ ಅವರಲ್ಲಿ ಜೋರಾಗಿ ಕಾಣದೆ ಇರಬಹುದು. ಇದ್ದಕ್ಕಿದ್ದಂತೆ ಊಟ ಬಿಟ್ಟರೆ, ಮಾತು ತಪ್ಪಿದರೆ "ಪ್ರಾಯ ಆಯ್ತಲ್ಲ" ಎಂದು ಬಿಡಬೇಡಿ, ತೋರಿಸಿ. ಮೂತ್ರಪಿಂಡ ನಿಧಾನವಾಗಿರುವುದರಿಂದ ಮಾತ್ರೆ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಗಂಟುನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ದಿನಾ ನುಂಗುವುದು ಅವರಿಗೆ ಬಹಳ ಅಪಾಯ. ಹಟ್ಟಿಯಲ್ಲಿಯೂ ಅಷ್ಟೇ, ಹಲ್ಲು ಸವೆದ ಹಳೆ ದನಕ್ಕೆ ಬೈಹುಲ್ಲನ್ನು ಕತ್ತರಿಸಿ ಹಾಕಬೇಕು.

ಸಂಘ ಏನು ಮಾಡಬಹುದು?

ಬಂಧುಗಳೆ, ಇಷ್ಟು ಹೇಳಿ ಕುಳಿತರೆ ಭಾಷಣ ಆಗುತ್ತದೆ, ಕೆಲಸ ಆಗುವುದಿಲ್ಲ. ಬೆಳ್ಳಿಹಬ್ಬದ ವರ್ಷದಲ್ಲಿ ಮೂರು ವಿಷಯ ಮಹಾಸಭೆಯ ಮುಂದೆ ಇಡುತ್ತೇನೆ.

ಒಂದು, ಹಾಲು ಹಾಕುವ 'ಮನೆಯ ಪಾಲು' ಮೊದಲು. ಸಂಘಕ್ಕೆ ಹಾಲು ಹಾಕುವ ಪ್ರತಿ ಮನೆಯಲ್ಲಿ ಕ್ಯಾನಿಗೆ ಹೊಯ್ಯುವ ಮೊದಲು ಕನಿಷ್ಠ ಅರ್ಧ ಲೀಟರ್ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ, ಹಿರಿಯರಿಗೆ ಎಂದು ತೆಗೆದಿಡಬೇಕು. ಅರ್ಧ ಲೀಟರ್ ಹಾಲಿನಲ್ಲಿ ಸುಮಾರು 16 ಗ್ರಾಂ ಪ್ರೋಟೀನು, 600 ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು. ಒಬ್ಬ ದೊಡ್ಡವರಿಗೆ ದಿನಕ್ಕೆ ಬೇಕಾದ ಕ್ಯಾಲ್ಸಿಯಂ 1000 ಮಿಲಿಗ್ರಾಂ. ನಾವು ಹಾಲಿನ ಊರಿನವರು. ನಮ್ಮ ಮನೆಯಲ್ಲೇ ಕಪ್ಪು ಚಹಾ ಕುಡಿಯುವುದು ಮರ್ಯಾದೆಯಲ್ಲ.

"ಹಾಗಾದರೆ ಸಂಘಕ್ಕೆ ಬರುವ ಹಾಲು ಕಡಿಮೆಯಾಗುವುದಿಲ್ಲವಾ, ನಿರ್ದೇಶಕರೇ ಹೀಗೆ ಹೇಳಿದರೆ ಹೇಗೆ?" ಎಂದು ಕೆಲವರು ಆಡಳಿತ ಮಂಡಳಿಯಲ್ಲಿ ಕೇಳಿದ್ದಾರೆ. ಕೇಳುವುದು ನ್ಯಾಯವೇ. ಅದಕ್ಕೆ ಎರಡನೆಯ ವಿಷಯವೇ ಉತ್ತರ. ಬತ್ತಿದ ದನಕ್ಕೆ 60 ದಿನ ಒಂದೂವರೆ ಕಿಲೋದಂತೆ ಹಿಂಡಿ ಕೊಟ್ಟರೆ 90 ಕಿಲೋ, ಎರಡು ಚೀಲಕ್ಕಿಂತ ಕಡಿಮೆ. ಇದರಿಂದ ಮುಂದಿನ ಕರುವಿನಲ್ಲಿ ದಿನಕ್ಕೆ ಬರೀ ಅರ್ಧ ಲೀಟರ್ ಹೆಚ್ಚಾಯಿತು ಎಂದಿಟ್ಟುಕೊಳ್ಳಿ, 300 ದಿನಕ್ಕೆ 150 ಲೀಟರ್. ಮನೆಗೆ ಇಟ್ಟುಕೊಂಡದ್ದೂ ಅಷ್ಟೇ. ಸಂಘದ ಹಾಲು ಇಳಿಯಲಿಲ್ಲ, ಮನೆಯವರ ಆರೋಗ್ಯ ಏರಿತು. ಬತ್ತಿದ ದನದ ಹಿಂಡಿಯನ್ನು ಸಂಘ ಸಾಲವಾಗಿ ಕೊಟ್ಟು ಕರು ಹಾಕಿದ ಮೇಲೆ ಹಾಲಿನ ಬಟವಾಡೆಯಲ್ಲಿ ಸ್ವಲ್ಪ ಸ್ವಲ್ಪ ಮುರಿದುಕೊಳ್ಳಬಹುದು. ಆಗ ಕೈಯಲ್ಲಿ ಹಣವಿಲ್ಲ ಎಂಬ ಕಾರಣವೂ ಉಳಿಯುವುದಿಲ್ಲ.

ಮೂರು, ವರ್ಷಕ್ಕೆ ಎರಡು ಸಲ ಈ ಸಂಘದ ಕಟ್ಟಡದಲ್ಲಿಯೇ ದನಗಳ ಶಿಬಿರದ ದಿನವೇ ಹೆಂಗಸರ, ಹೆಣ್ಣುಮಕ್ಕಳ ರಕ್ತ ಪರೀಕ್ಷೆ, ಹಿರಿಯರ ಬಿ.ಪಿ., ಶುಗರ್ ಪರೀಕ್ಷೆ ನಡೆಯಲಿ. ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕೇಳಿದರೆ ಬರುತ್ತಾರೆ. ಖರ್ಚಿಗೆ ಲಾಭದಲ್ಲಿ ಒಂದು ಸಣ್ಣ ಪಾಲು ಇಡೋಣ. ದನ ಕರೆದುಕೊಂಡು ಬರುವ ಹೆಂಗಸು ತನ್ನ ಬೆರಳನ್ನೂ ತೋರಿಸಿ ಹೋಗಲಿ.

ಹಾಲು ಕೊಡುವಾಗ ಮಾತ್ರ ಹಿಂಡಿ, ದುಡಿಯುವಾಗ ಮಾತ್ರ ಊಟ ಎಂಬ ಲೆಕ್ಕ ವ್ಯಾಪಾರಿಯದ್ದು. ಕರು, ಗಬ್ಬದ ದನ, ಬತ್ತಿದ ದನ, ಎಳೆ ಮಗು, ಬಸುರಿ, ಮುದುಕರು, ಇವರ ಹೆಸರಿನ ಮುಂದೆ ಪುಸ್ತಕದಲ್ಲಿ ಲೀಟರ್ ಬರುವುದಿಲ್ಲ. ಆದರೆ ನಾಳಿನ ಲೀಟರ್ ಬರುವುದು ಅವರಿಂದಲೇ, ಇಂದಿನ ಲೀಟರ್ ಬಂದದ್ದೂ ಅವರಿಂದಲೇ. ದುಡಿಯಲಾಗದ ಸಮಯದಲ್ಲಿ ಒಬ್ಬರನ್ನೊಬ್ಬರು ಹೊರುವುದಕ್ಕೇ ಅಲ್ಲವೆ ಸಹಕಾರ ಎಂದು ಹೆಸರಿಟ್ಟದ್ದು.

ಈ ಮೂರು ವಿಷಯಗಳಿಗೆ ತಾವೆಲ್ಲರೂ ಮಹಾಸಭೆಯಲ್ಲಿ ಒಮ್ಮತದಿಂದ ಒಪ್ಪಿಗೆ ಕೊಡಬೇಕೆಂದು ವಿನಂತಿಸುತ್ತೇನೆ.

ಜೈ ಹಿಂದ್. ಜೈ ಸಹಕಾರ.